ಮಡಚುವ ಚರ್ಮಕ್ಕೆ ಮೆರುಗು

ಈ ಸಲ ಕೈಗೆತ್ತಿಕೊಂಡದ್ದು ನಾಲ್ಕು ಸಾಮಾನು: 35 ಮಿ.ಮೀ. ಅಗಲದ ಒಂದು ಬೆಲ್ಟ್, ನಡುವೆ ಮಡಚುವ ಪರ್ಸ್, ಕನ್ನಡಕ ಇಡುವ ಗಟ್ಟಿ ಪೆಟ್ಟಿಗೆ, ಮೇಜಿನ ಮೇಲೆ ಕೂರುವ ಪೆನ್ನಿನ ಟ್ರೇ. ನಾಲ್ಕೂ ಒಂದೇ ಕಾಫಿ ಕಂದು, ನಾಲ್ಕಕ್ಕೂ ಫಳಫಳ ಹೊಳೀಬೇಕು ಅನ್ನೋ ಒಂದೇ ಬೇಡಿಕೆ. ಒಂದೇ ಬಾಟಲಿ ತೆರೆದು ಎಲ್ಲಕ್ಕೂ ಬಳಿದಿದ್ದರೆ ಕೆಲಸ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಆದರೆ ಟ್ರೇ ಜೀವಮಾನದಲ್ಲಿ ಒಮ್ಮೆಯೂ ಬಾಗುವುದಿಲ್ಲ. ಪರ್ಸು ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿ, ಉಳಿದ ಹೊತ್ತು ಪ್ಯಾಂಟಿನ ಜೇಬಿನಲ್ಲಿ ಬೆವರಿನ ಜೊತೆ ಇರುತ್ತದೆ. ಮೆರುಗು ಆರಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ: ಸಾಮಾನು ಎಲ್ಲಿ ಬಾಗುತ್ತದೆ, ಎಷ್ಟು ಸಲ ಬಾಗುತ್ತದೆ. ಎಷ್ಟು ಹೊಳೆಯುತ್ತದೆ ಅನ್ನುವುದು ಆಮೇಲಿನ ಪ್ರಶ್ನೆ.

ಅಥಣಿ, ನಿಪ್ಪಾಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿಯನ್ನೇ ನೋಡಿ. 2019ರಲ್ಲಿ ಕರ್ನಾಟಕದ ನಾಲ್ಕು ಮತ್ತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಆ ಚಪ್ಪಲಿ ಪ್ರತಿ ಹೆಜ್ಜೆಗೂ ಬಾಗುವ ಸಾಮಾನು. ಹಳೆಯ ಕ್ರಮದಲ್ಲಿ ಅದಕ್ಕೆ ಸಿಗುವುದು ಎಣ್ಣೆ, ಗಾಜಿನಂಥ ಪದರವಲ್ಲ. ಕಾಲು ತಿಕ್ಕಿ ತಿಕ್ಕಿಯೇ ಅದಕ್ಕೆ ಹೊಳಪು ಬರಬೇಕು.

ನಾಲ್ಕಕ್ಕೂ ಬಳಸಿದ್ದು ಅಂಗಡಿಯವರು ವೆಜ್ ಟ್ಯಾನ್ ಎನ್ನುವ, ತೊಗಟೆ-ಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮ. ಬೆಲ್ಟಿಗೆ 3.2 ಮಿ.ಮೀ. ದಪ್ಪ, ಪರ್ಸಿನ ಹೊರಹಾಳೆಗೆ 1.2, ಪೆಟ್ಟಿಗೆಗೂ ಟ್ರೇಗೂ 2.5. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮವಾದರೆ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಒಂದು ಪದರ ಬಳಿದು ಕಳಿಸಿರುತ್ತಾರೆ. ಅದರ ಮೇಲೆ ನಾವು ಹಚ್ಚಿದ್ದು ಒಳಗಿಳಿಯದೆ ಮೇಲೇ ಕೂತು, ತಿಂಗಳೊಪ್ಪತ್ತಿನಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತದೆ. ಕೈಯಲ್ಲಿರುವುದು ಯಾವುದೆಂದು ತಿಳಿಯದಿದ್ದರೆ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಒಂದು ನಿಮಿಷದೊಳಗೆ ಹೀರಿಕೊಂಡು ಆ ಜಾಗ ಕಪ್ಪಾದರೆ ಚರ್ಮ ಬರಿಮೈಯಲ್ಲಿದೆ, ಹಚ್ಚಬಹುದು. ಐದು ನಿಮಿಷವಾದರೂ ಹನಿ ಗುಂಡಗೆ ಕೂತಿದ್ದರೆ ಮೇಲೆ ಮೇಣವೋ ಇನ್ನೊಂದು ಪದರವೋ ಇದೆ ಎಂದೇ ಅರ್ಥ.

ಹೊಳಪಿನ ದೊಡ್ಡ ಪಾಲು ಬಾಟಲಿ ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ. ಮೇಲ್ಮೈ ನುಣುಪಾಗಿದ್ದರೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಒರಟಾಗಿದ್ದರೆ ಚೆದುರುತ್ತದೆ, ಅಷ್ಟೇ ವಿಷಯ. ಒರಟು ಚರ್ಮದ ಮೇಲೆ ಎಷ್ಟೇ ದುಬಾರಿ ಮೆರುಗು ಸುರಿದರೂ ಒದ್ದೆ ರಸ್ತೆಯ ಹಾಗೆ ಕಾಣುತ್ತದೆಯೇ ಹೊರತು ಕನ್ನಡಿಯ ಹಾಗಲ್ಲ. ಆದ್ದರಿಂದ ಮೊದಲು ಗಾಜಿನ ಕೆಲಸ. ಬಣ್ಣ ಹಾಕಿ ಒಣಗಿದ ಮೇಲೆ, ಸ್ಪಾಂಜನ್ನು ನೀರಿನಲ್ಲಿ ಅದ್ದಿ ಹಿಂಡಿ, ಚರ್ಮದ ಮೇಲೆ ಒಂದೇ ಸಲ ಸವರಬೇಕು. ತಂಪು ತಗುಲಿದರೆ ಸಾಕು, ಒದ್ದೆಯಾಗಬಾರದು. ಆಮೇಲೆ ಅಂಚು ಉರುಟು ಮಾಡಿದ 8-10 ಮಿ.ಮೀ. ದಪ್ಪದ ಗಾಜಿನ ಪಟ್ಟಿಯಿಂದ ಒಂದೇ ದಿಕ್ಕಿಗೆ, ಮೈಭಾರ ಹಾಕಿ, ಉದ್ದಕ್ಕೂ ಎಳೆಯಬೇಕು. ಹತ್ತು-ಹದಿನೈದು ಎಳೆತಕ್ಕೆ ರಂಧ್ರಗಳು ಮುಚ್ಚಿ ಚರ್ಮ ತಾನಾಗಿ ಮಿನುಗತೊಡಗುತ್ತದೆ. ಗಾಜಿನ ಪಟ್ಟಿ ಇಲ್ಲದಿದ್ದರೆ ಜೋಡಣೆಯ ಗೆರೆ ಇಲ್ಲದ ದಪ್ಪ ಬಾಟಲಿ ನಡೆಯುತ್ತದೆ. ಗೆರೆ ಇದ್ದ ಬಾಟಲಿ ಪ್ರತಿ ಎಳೆತಕ್ಕೂ ಒಂದು ಗೀರು ಬಿಡುತ್ತದೆ, ಆ ಗೀರು ಮೆರುಗಿನ ಕೆಳಗೆ ಇನ್ನಷ್ಟು ಎದ್ದು ಕಾಣುತ್ತದೆ. ಬಣ್ಣಕ್ಕೆ ಮುಂಚೆಯೇ ಗಾಜು ಎಳೆಯುವುದು ತಪ್ಪು: ಒತ್ತಿಹೋದ ಕಡೆ ಬಣ್ಣ ಇಳಿಯದೆ ಪಟ್ಟೆ ಪಟ್ಟೆಯಾಗುತ್ತದೆ. ಚೆನ್ನೈನ ಕಾರ್ಖಾನೆಗಳಲ್ಲಿ ಗ್ಲೇಜ್ಡ್ ಕಿಡ್ ಎಂಬ ಮೇಕೆ ಚರ್ಮಕ್ಕೆ ಹೊಳಪು ಬರುವುದೂ ಇದೇ ತತ್ವದಿಂದ. ಅಲ್ಲಿ ಯಂತ್ರದ ತೋಳಿಗೆ ಗಾಜಿನ ಉರುಳೆ ಕಟ್ಟಿ, ಹಾಲಿನ ಕೇಸೀನ್ ಹಚ್ಚಿದ ಚರ್ಮದ ಮೇಲೆ ಜೋರಾಗಿ ಉಜ್ಜುತ್ತಾರೆ.

ಬಣ್ಣದ ವಿಷಯದಲ್ಲಿ ಒಂದು ಲೆಕ್ಕ ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಬಣ್ಣ ಸ್ಪಿರಿಟಿನದಾದರೆ ಮೆರುಗು ನೀರಿನದಿರಲಿ. ಬಣ್ಣ ನೀರಿನದಾದರೆ ಮೆರುಗು ಸ್ಪಿರಿಟಿನದಿರಲಿ. ಎರಡೂ ಒಂದೇ ಜಾತಿಯದಾದರೆ ಮೆರುಗಿನ ದ್ರವ ಕೆಳಗಿನ ಬಣ್ಣವನ್ನು ಕರಗಿಸಿ ಎಬ್ಬಿಸುತ್ತದೆ, ಸ್ಪಾಂಜು ಕಂದಾಗುತ್ತದೆ, ಚರ್ಮ ಬೋಳುಬೋಳಾಗುತ್ತದೆ. ಆದ್ದರಿಂದ ಬೆಲ್ಟ್, ಪರ್ಸ್, ಪೆಟ್ಟಿಗೆಗೆ ಸ್ಪಿರಿಟ್ ಡೈ ಹಾಕಿ, ಟ್ರೇಗೆ ಮಾತ್ರ ನೀರಿನ ಬಣ್ಣ ಹಾಕಿದ್ದಾಯಿತು. ಯಾವುದಾದರೂ ಸರಿ, 24 ಗಂಟೆ ಬಿಟ್ಟು, ಹಳೇ ಬನಿಯನ್ ಬಟ್ಟೆಯಿಂದ ಉಜ್ಜಬೇಕು. ಉಜ್ಜಿದ ಬಟ್ಟೆ ಬೆಳ್ಳಗೇ ಉಳಿಯುವ ತನಕ ಬಿಡಬಾರದು. ಕಪ್ಪು, ಕಡುನೀಲಿಗಳಲ್ಲಿ ಇದು ಇನ್ನೂ ಮುಖ್ಯ. ಒಳಗೆ ಇಳಿಯದೆ ಉಳಿದ ಬಣ್ಣ ಮೇಲೆ ತಾಮ್ರದ ಛಾಯೆಯ ಪುಡಿಯಾಗಿ ಕೂತಿರುತ್ತದೆ. ಅದರ ಮೇಲೆ ಹಚ್ಚಿದ ಮೆರುಗು ಚರ್ಮಕ್ಕಲ್ಲ, ಆ ಪುಡಿಗೆ ಅಂಟಿರುತ್ತದೆ. ಮುಂದೆ ಗಿರಾಕಿಯ ಬಿಳಿ ಶರಟಿನ ಮೇಲೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಬಣ್ಣ ಚರ್ಮವನ್ನು ಒಣಗಿಸಿರುತ್ತದೆ, ಹಾಗಾಗಿ ತುಸು ಎಣ್ಣೆ ಬೇಕು. ಒಣ ಚರ್ಮದ ಮೇಲಿನ ಮೆರುಗು ಎಷ್ಟೇ ಮೆತುವಾಗಿರಲಿ, ಕೆಳಗಿನ ಚರ್ಮವೇ ಬಿರಿದರೆ ಅದೂ ಬಿರಿಯುತ್ತದೆ. ನೀಟ್ಸ್‌ಫುಟ್ ಎಣ್ಣೆ, ಅಂದರೆ ದನದ ಕಾಲಿನ ಮೂಳೆ-ಪಾದದಿಂದ ತೆಗೆಯುವ ಎಣ್ಣೆ, ಇಡೀ ಬೆಲ್ಟಿಗೆ 4-5 ಮಿ.ಲೀ. ಸಾಕು. ಉಣ್ಣೆಯ ತುಂಡಿನಿಂದ ಒಂದೇ ಸಲ ಸವರಿ ಇನ್ನೊಂದು 24 ಗಂಟೆ ಬಿಡಬೇಕು. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಹಚ್ಚುವವರಿಗೆ ಒಂದು ಮಾತು: ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆಗೆ ಚರ್ಮದ ಮೇಲೆ ಬೂಷ್ಟು ಬಂದಂತೆ ಬಿಳಿ ಮುಸುಕು ಕಾಣಿಸಿಕೊಂಡರೆ ಬೂಷ್ಟನ್ನು ಬಯ್ಯಬೇಡಿ. ಎಣ್ಣೆ ಯಾವುದೇ ಇರಲಿ, ಹೆಚ್ಚಾದರೆ ಮೆರುಗು ಹಿಡಿಯದು. ಬೆರಳಿಟ್ಟು ಎತ್ತಿದಾಗ ಬೆರಳು ಜಿಡ್ಡೆನಿಸಿದರೆ ಇನ್ನೊಂದು ದಿನ ಕಾಯುವುದೇ ಮದ್ದು.

ಇಷ್ಟಾದ ಮೇಲೆ ಪರೀಕ್ಷೆಯ ಪಟ್ಟಿಗಳು. ಅದೇ ಚರ್ಮದಿಂದ 3 × 15 ಸೆಂ.ಮೀ.ನ ನಾಲ್ಕು ತುಂಡು ಕತ್ತರಿಸಿ, ಅದೇ ಬಣ್ಣ, ಅದೇ ಎಣ್ಣೆ, ಅದೇ ಗಾಜಿನ ಎಳೆತ ಮುಗಿಸಿ, ಒಂದೊಂದಕ್ಕೆ ಒಂದೊಂದು ಮೆರುಗು: ಅಕ್ರಿಲಿಕ್ (ನೀರಿನಲ್ಲಿ ಬೆರೆಯುವ ಪ್ಲಾಸ್ಟಿಕ್ ಮೆರುಗು), ಸ್ಪಿರಿಟಿನಲ್ಲಿ ಕರಗಿಸಿದ ಅರಗು, ಥಿನ್ನರಿನ ಲ್ಯಾಕರ್, ಮೇಣ. ಮೂರು ದಿನ ಒಣಗಲು ಬಿಟ್ಟು ನಾಲ್ಕನ್ನೂ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಬೇಕು. ಟ್ಯೂಬಿನ ಬಿಂಬದ ಅಂಚು ಗೆರೆ ಎಳೆದಂತೆ ಕಂಡರೆ ಅದು ಪೂರ್ಣ ಹೊಳಪು. ಅಂಚು ಹರಡಿ ಹಾಲುಹಾಲಾಗಿ ಕಂಡರೆ ಅರೆಹೊಳಪು. ಆಮೇಲೆ ಹೊಳೆಯುವ ಬದಿ ಹೊರಗೆ ಬರುವಂತೆ ಪೂರಾ ಮಡಚಿ ಬಿಚ್ಚುವುದು, ನೂರು ಸಲ. ಒದ್ದೆ ಬಿಳಿ ಬಟ್ಟೆಯಿಂದ ಐವತ್ತು ಸಲ ಉಜ್ಜುವುದು. ಕೊನೆಗೆ ಸೆಲ್ಲೋಟೇಪ್ ಒತ್ತಿ ಹಚ್ಚಿ ಸರಕ್ಕನೆ ಕೀಳುವುದು.

ಬಿಂಬದಲ್ಲಿ ಗೆದ್ದದ್ದು ಲ್ಯಾಕರ್, ಅದರ ಹಿಂದೆಯೇ ಅರಗು. ಮಡಿಕೆಯಲ್ಲಿ ಮೊದಲು ಸೋತವೂ ಅವೇ ಎರಡು. ಅರಗಿನ ಪಟ್ಟಿಯಲ್ಲಿ ಮಡಚಿದ ಜಾಗಕ್ಕೆ ಕೂದಲೆಳೆಯಂಥ ಬಿಳಿ ಗೆರೆಗಳು ಬಿದ್ದವು; ಲ್ಯಾಕರಿನದು ಚಕ್ಕೆಯಾಗಿ ಎದ್ದಿತು. ಮೇಣದ ಪಟ್ಟಿಯಲ್ಲೂ ಬಿಳಿ ಗೆರೆ ಬಂತು, ಆದರೆ ಹೆಬ್ಬೆರಳಿನಿಂದ ಬಿಸಿಯಾಗುವಂತೆ ತಿಕ್ಕಿದರೆ ಮಾಯ. ಅಕ್ರಿಲಿಕ್ಕಿನ ಬಿಂಬ ತುಸು ಮೆತ್ತಗೆ, ಆದರೆ ಮಡಿಕೆ, ಒದ್ದೆ ಬಟ್ಟೆ, ಟೇಪು ಮೂರರಲ್ಲೂ ಪಾಸು. ಪರ್ಸಿಗೂ ಬೆಲ್ಟಿಗೂ ಅಕ್ರಿಲಿಕ್, ಟ್ರೇಗೆ ಅರಗು, ಪೆಟ್ಟಿಗೆಗೆ ಮೇಣ ಎಂದು ನಿರ್ಧಾರವಾದದ್ದು ಹೀಗೆ.

ಲ್ಯಾಕರ್ ಕೈಬಿಟ್ಟದ್ದಕ್ಕೆ ಇನ್ನೊಂದು ಕಾರಣ ಮಳೆಗಾಲ. ಲ್ಯಾಕರಿನ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಹನಿಗಟ್ಟಿ ಪದರದೊಳಗೆ ಸಿಕ್ಕಿಕೊಂಡು ಬಿಳಿಚುತ್ತದೆ. ತೇವಾಂಶ ಶೇ 80 ದಾಟಿದ ದಿನ ಲ್ಯಾಕರ್ ಡಬ್ಬಿ ಮುಟ್ಟದಿರುವುದೇ ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾರಿನ, ಮರದ ಸ್ಪ್ರೇ ಲ್ಯಾಕರುಗಳಂತೂ ಚರ್ಮಕ್ಕೆ ಬೇಡವೇ ಬೇಡ. ಅವು ಬಾಗದ ಮೈಗೆಂದೇ ಮಾಡಿದವು. ಕನ್ನಡಿಯಂಥ ಬೂಟುಗಳ ಪೇಟೆಂಟ್ ಲೆದರ್ ಹೊಳೆಯುತ್ತದಲ್ಲ ಎಂದು ಕೇಳುವವರುಂಟು. 1819ರ ಸುಮಾರಿಗೆ ಅಮೆರಿಕದ ನ್ಯೂವಾರ್ಕ್‌ನಲ್ಲಿ ಸೆತ್ ಬಾಯ್ಡನ್ ಅದನ್ನು ತಯಾರಿಸಿ ಮಾರಲು ಹೊರಟಾಗ ಅಗಸೆ ಎಣ್ಣೆಯ ಮೆರುಗನ್ನು ಪದರ ಪದರವಾಗಿ ಏರಿಸಿದ್ದ. ಇಂದಿನದಕ್ಕೆ ಬಹುತೇಕ ಕಾರ್ಖಾನೆಯಲ್ಲಿ ಪಾಲಿಯುರೆಥೇನ್ ಹೊದಿಸುತ್ತಾರೆ. ಮೇಜಿನ ಮೇಲೆ ಸ್ಪಾಂಜು ಹಿಡಿದು ಅದನ್ನು ಸಾಧಿಸಲಾಗದು, ಆಸೆಪಡುವುದೂ ಬೇಡ.

ಅಕ್ರಿಲಿಕ್ಕನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಹೆಚ್ಚು ಜನ ಕೆಡಿಸುವುದು ಇದನ್ನೇ. ಫೀಬಿಂಗ್ಸ್ ಕಂಪನಿಯ ರೆಸೊಲೀನ್ ಈ ಜಾತಿಯಲ್ಲಿ ಹೆಸರಾದದ್ದು. ಬೇರೆಯವೂ ಇವೆ, ಹಚ್ಚುವ ಬಗೆ ಒಂದೇ. ಬಾಟಲಿಯನ್ನು ಕುಲುಕಬಾರದು, ಮೆಲ್ಲಗೆ ಉರುಳಿಸಬೇಕು. ಕುಲುಕಿದರೆ ನೊರೆ, ನೊರೆಯಿಂದ ಗುಳ್ಳೆ, ಗುಳ್ಳೆ ಒಣಗಿದರೆ ಸೂಜಿಮೊನೆಯ ಕುಳಿ. ಸಿರಿಂಜಿನಲ್ಲಿ 5 ಮಿ.ಲೀ. ಮೆರುಗು, 5 ಮಿ.ಲೀ. ಶುದ್ಧೀಕರಿಸಿದ ನೀರು ಅಳೆದು ಅಗಲ ಬಾಯಿಯ ಬಟ್ಟಲಿಗೆ ಹಾಕಿ. ಗಡುಸು ನೀರಿನ ಊರಾದರೆ ಬೋರ್‌ವೆಲ್ ನೀರು ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ನೇರ ಬಾಟಲಿಯಿಂದ ದಪ್ಪಗೆ ಹಚ್ಚಿದರೆ ಹೆಚ್ಚು ಹೊಳೆಯುತ್ತದೆ ಎನ್ನುವುದು ಭ್ರಮೆ. ದಪ್ಪ ಪದರ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ, ಪ್ಲಾಸ್ಟಿಕ್ ಹಾಳೆ ಅಂಟಿಸಿದಂತೆ ಕಾಣುತ್ತದೆ, ಮಡಿಕೆಯಲ್ಲಿ ಸುಕ್ಕುಗಟ್ಟುತ್ತದೆ.

ಸ್ಪಾಂಜು ಸಣ್ಣ ರಂಧ್ರದ್ದಿರಲಿ. ಮೊದಲು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಆಮೇಲೆ ಮೆರುಗಿನಲ್ಲಿ ಒತ್ತಿ, ಬಟ್ಟಲಿನ ಅಂಚಿಗೆ ಮತ್ತೆ ಹಿಂಡಬೇಕು. ಪರ್ಸಿನ ಹೊರಹಾಳೆ 24 × 9.5 ಸೆಂ.ಮೀ., ಅಂದರೆ 228 ಚದರ ಸೆಂ.ಮೀ.; ಅದಕ್ಕೆ ಒಂದು ಪದರಕ್ಕೆ 1.2ರಿಂದ 1.5 ಮಿ.ಲೀ. ಬೆರಕೆ ಹಿಡಿಯುತ್ತದೆ. 110 ಸೆಂ.ಮೀ. ಬೆಲ್ಟಿಗೆ 2ರಿಂದ 2.5. ಇದಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದರೆ ಕೈ ದಪ್ಪವಾಯಿತು ಎಂದೇ ಲೆಕ್ಕ. ಮೊದಲ ಪದರವನ್ನು ಚಿಕ್ಕ ಚಿಕ್ಕ ಸುತ್ತಿನಲ್ಲಿ ಒಳಗೆ ತಿಕ್ಕಿ, ಒದ್ದೆ ಇರುವಾಗಲೇ ಉದ್ದಕ್ಕೆ ಒಂದು ಎಳೆತ ಎಳೆದು ಮುಗಿಸಬೇಕು. ಅರ್ಧ ನಿಮಿಷದ ಮೇಲೆ ಮತ್ತೆ ಅಲ್ಲಿಗೆ ಕೈ ಹಾಕಕೂಡದು. ಎಲ್ಲೋ ಬಿಟ್ಟುಹೋಗಿದೆ ಎಂದು ಅರೆಒಣಗಿದ ಪದರದ ಮೇಲೆ ಸ್ಪಾಂಜು ಆಡಿಸಿದರೆ ರಬ್ಬರಿನ ಚೂರಿನಂತೆ ಸುರುಳಿ ಏಳುತ್ತದೆ. ಬಿಟ್ಟುಹೋದ ಜಾಗವನ್ನು ಮುಂದಿನ ಪದರ ನೋಡಿಕೊಳ್ಳುತ್ತದೆ.

ಫ್ಯಾನ್ ಆರಿಸಿರಬೇಕು, ಗಾಳಿಗಿಂತ ಗಾಳಿ ತರುವ ಧೂಳು ಶತ್ರು. ಎರಡು ಗಂಟೆ ಬಿಟ್ಟು ಎರಡನೇ ಪದರ, ಈ ಸಲ ಅಡ್ಡಕ್ಕೆ ಹಚ್ಚಿ ಉದ್ದಕ್ಕೆ ಮುಗಿಸುವುದು. ಮಳೆಗಾಲದಲ್ಲಿ ಎರಡು ಗಂಟೆ ನಾಲ್ಕಾಗುತ್ತದೆ. ಬೆರಳ ಹಿಂಬದಿ ಇಟ್ಟು ನೋಡಿ: ತಣ್ಣಗೆನಿಸಿದರೆ ಇನ್ನೂ ನೀರಿದೆ. ಪರ್ಸಿಗೆ ಎರಡೇ ಪದರ. ಮೂರನೆಯದು ಬೆಲ್ಟಿಗೆ, ಅದು ತಿಕ್ಕಾಟ ಹೆಚ್ಚು ತಿನ್ನುವ ಸಾಮಾನು. ಮುಟ್ಟಲು 24 ಗಂಟೆ ಸಾಕಾದರೂ ಪದರ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಆ ವಾರದಲ್ಲಿ ಎರಡು ಸಾಮಾನನ್ನು ಮುಖಕ್ಕೆ ಮುಖ ಕೊಟ್ಟು ಒಂದರ ಮೇಲೊಂದು ಇಟ್ಟರೆ ಬಿಡಿಸುವಾಗ ಎರಡರ ಮುಖವೂ ಹೋಗುತ್ತದೆ.

ಅಂಟು ಮತ್ತು ಅಂಚಿನ ಸರದಿ ತಪ್ಪಿದರೆ ಮಾಡಿದ್ದೆಲ್ಲ ನೀರುಪಾಲು. ಮೆರುಗು ಕುಡಿದ ಅಂಚು ನೀರು ಕುಡಿಯದು, ಹಾಗಾಗಿ ಗಮ್ ಟ್ರಾಗಕಾಂತ್ ಎಂಬ ಗಿಡದ ಗೋಂದು ಹಚ್ಚಿ ಮರದ ಕೋಲಿನಿಂದ ಎಷ್ಟು ತಿಕ್ಕಿದರೂ ನಾರು ಕೂರುವುದಿಲ್ಲ. ಬೆಲ್ಟಿನಲ್ಲಿ ಅಂಚು ಮೊದಲು ತಿಕ್ಕಿ, ಮೆರುಗು ಆಮೇಲೆ. ಪರ್ಸಿನಲ್ಲಿ ಹೊಲಿದ ಮೇಲಷ್ಟೇ ಅಂಚು ತಿಕ್ಕಲು ಬರುವುದರಿಂದ, ಹೊರಹಾಳೆಗೆ ಮೆರುಗು ಹಚ್ಚುವಾಗ ಸ್ಪಾಂಜು ಅಂಚಿನಿಂದ ಕೆಳಗೆ ಇಳಿಯದಂತೆ ಒಳಗಿನಿಂದ ಹೊರಕ್ಕೆ ಎಳೆದು ಅಂಚಿಗೆ ಬರುವ ಮೊದಲೇ ಎತ್ತಬೇಕು. ಜೇಬಿನ ತುಂಡುಗಳ ಮೆರುಗು ಬದಿಯಲ್ಲಿ ಅಂಟು ಬೀಳುವ 5 ಮಿ.ಮೀ. ಪಟ್ಟಿಯನ್ನು 120 ನಂಬರಿನ ಮರಳುಕಾಗದದಿಂದ ಕೆರೆದು ಒರಟು ಮಾಡದಿದ್ದರೆ, ಅಂಟು ಮೆರುಗಿಗೆ ಹಿಡಿದು ಮೆರುಗಿನ ಸಮೇತ ಕಿತ್ತು ಬರುತ್ತದೆ.

ಟ್ರೇಯ ಅರಗಿಗೆ ಬರೋಣ. ಚನ್ನಪಟ್ಟಣದ ಗೊಂಬೆಗಳ ಹೊಳಪು ಇದೇ ಅರಗಿನದು: ಚಕ್ರದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಹತ್ತುತ್ತದೆ, ಆಮೇಲೆ ತಾಳೆಗರಿ ಒತ್ತಿ ನುಣುಪು ಮಾಡುತ್ತಾರೆ. ಮರ ಬಾಗದು, ಆದ್ದರಿಂದ ಅಲ್ಲಿ ಅರಗು ಬಿರಿಯದು. ಚರ್ಮದ ಟ್ರೇಯೂ ಬಾಗದ ಸಾಮಾನೇ. ಮೇಣ ತೆಗೆದ ಅರಗಿನ ಚಕ್ಕೆ 10 ಗ್ರಾಂ, ಪಾಲಿಶ್ ಕೆಲಸದವರು ಬಳಸುವ ಸ್ಪಿರಿಟ್ 100 ಮಿ.ಲೀ., ಗಾಜಿನ ಸೀಸೆಯಲ್ಲಿ ಒಂದು ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಬೇಕು. ಕಬ್ಬಿಣದ ಡಬ್ಬ ಬೇಡ, ದ್ರಾವಣ ಕಪ್ಪಾಗುತ್ತದೆ. ಸುಮಾರು 1 ಗ್ರಾಂ ಹರಳೆಣ್ಣೆ ಬೆರೆಸಿದರೆ ಪದರ ಸ್ವಲ್ಪ ಮೆತುವಾಗುತ್ತದೆ. ಆ ಸ್ಪಿರಿಟ್ಟಿನಲ್ಲಿ ವಿಷದ ಮೆಥನಾಲ್ ಬೆರೆತಿರಬಹುದು. ಕಿಟಕಿ ತೆರೆದಿಡಿ, ಕೈಗವಸು ಹಾಕಿ, ಒಲೆಯ ಹತ್ತಿರ ಹೋಗಬೇಡಿ. ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ತೇವವಾಗುವಷ್ಟೇ ಅದ್ದಿ, ಒಂದೇ ಬೀಸಿಗೆ ಎಳೆದು ಎತ್ತುವುದು. ಇಪ್ಪತ್ತು ನಿಮಿಷಕ್ಕೊಂದರಂತೆ ಐದು ಪದರ. ತಿಂಗಳುಗಟ್ಟಲೆ ಇಟ್ಟ ಹಳೆ ದ್ರಾವಣ ಎಷ್ಟು ಹೊತ್ತಾದರೂ ಒಣಗದೆ ಅಂಟಂಟಾಗಿಯೇ ಉಳಿಯಬಹುದು. ಬಳಸುವ ಮೊದಲು ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು ನೋಡುವುದು ಕ್ಷೇಮ. ಅರಗಿಗೆ ಬಿಸಿಯೂ ನೀರೂ ಆಗದು. ಬಿಸಿ ಕಾಫಿ ಲೋಟವನ್ನು ಟ್ರೇ ಮೇಲೆ ಇಟ್ಟವರಿಗೆ ಬಿಳಿ ಬಳೆಯೊಂದು ಉಡುಗೊರೆ.

ಕನ್ನಡಕದ ಪೆಟ್ಟಿಗೆಯ ಮೈ ಗಟ್ಟಿ, ಮುಚ್ಚಳದ ಕೀಲು ಮಾತ್ರ ಬಾಗುತ್ತದೆ. ಬೂಟಿಗೆ ಕನ್ನಡಿ ಪಾಲಿಶ್ ಹಾಕುವವರು ಮೂತಿ-ಹಿಮ್ಮಡಿಗೆ ಮಾತ್ರ ಹಾಕಿ, ನಡೆಯುವಾಗ ಮಡಚುವ ನಡುಭಾಗವನ್ನು ಬಿಡುತ್ತಾರಲ್ಲ, ಅದೇ ಉಪಾಯ ಇಲ್ಲಿಗೂ. ಕಾರ್ನೌಬಾ ಮೇಣ (ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಗಟ್ಟಿ ಮೇಣ) 10 ಗ್ರಾಂ, ಜೇನುಮೇಣ 20 ಗ್ರಾಂ, ಟರ್ಪಂಟೈನ್ 70 ಮಿ.ಲೀ. ಜೇನುಮೇಣ 62-64 ಡಿಗ್ರಿಗೆ ಕರಗುತ್ತದೆ, ಕಾರ್ನೌಬಾಕ್ಕೆ 82-86 ಬೇಕು. ಆದ್ದರಿಂದ ಕುದಿಯುವ ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಎರಡೂ ಮೇಣ ಕರಗಿಸಿ, ಒಲೆ ಆರಿಸಿ, ಡಬ್ಬಿಯನ್ನು ಹೊರಗೆ ಒಯ್ದು ಆಮೇಲೆ ಟರ್ಪಂಟೈನ್ ಬೆರೆಸಬೇಕು. ಟರ್ಪಂಟೈನಿನ ಆವಿ 35 ಡಿಗ್ರಿಯ ಆಸುಪಾಸಿಗೇ ಕಿಡಿ ಕಂಡರೆ ಹತ್ತಿಕೊಳ್ಳುತ್ತದೆ. ಈ ಸರದಿಯಲ್ಲಿ ಅವಸರ ನಡೆಯದು. ತಣಿದು ಬೆಣ್ಣೆಯಂತಾದ ಮೇಣವನ್ನು ಬೆರಳಿಗೆ ಬಿಗಿಯಾಗಿ ಸುತ್ತಿದ ಹತ್ತಿ ಬಟ್ಟೆಯ ತುದಿಯಲ್ಲಿ ಸೋಕಿಸಿ, ಸಣ್ಣ ಸುತ್ತಿನಲ್ಲಿ ಹಚ್ಚಬೇಕು. ಎರಡು ಪದರ ಕೂತ ಮೇಲೆ ಬಟ್ಟೆಗೆ ಒಂದು ಹನಿ ನೀರು. ಮಂಕು ಬರುತ್ತದೆ, ಸುತ್ತುತ್ತಾ ಹೋದಂತೆ ಬಿಡುತ್ತದೆ, ಮತ್ತೆ ಸೋಕಿಸು ಮೇಣ, ಮತ್ತೊಂದು ಹನಿ. ಹತ್ತು-ಹನ್ನೆರಡು ಪದರಕ್ಕೆ ಸುಮಾರು ಮುಕ್ಕಾಲು ಗಂಟೆ. ಬಟ್ಟೆ ಎಳೆದಂತೆ ಸಿಕ್ಕಿಕೊಂಡರೆ ನೀರು ಕಡಿಮೆಯಾಗಿದೆ, ಮುಸುಕು ಹೋಗದಿದ್ದರೆ ಮೇಣ ಹೆಚ್ಚಾಗಿದೆ. ಕೆಟ್ಟರೂ ಚಿಂತೆಯಿಲ್ಲ: ಟರ್ಪಂಟೈನ್ ಬಟ್ಟೆಯಿಂದ ಒರೆಸಿದರೆ ಮೊದಲಿಗೆ ಮರಳಬಹುದು. ಅಕ್ರಿಲಿಕ್ಕಿಗೆ ಈ ಸೌಕರ್ಯ ಇಲ್ಲ. ಅದನ್ನು ಅಸಿಟೋನಿನಿಂದ ತೆಗೆಯಹೋದರೆ ಜೊತೆಗೆ ಬಣ್ಣವೂ ಹೊರಟುಹೋಗುತ್ತದೆ.

ಮೇಣ ಮತ್ತು ಅಕ್ರಿಲಿಕ್ ಎರಡೂ ಬೇಕಾದರೆ ಮೇಣ ಮೇಲೆ, ಯಾವಾಗಲೂ. ಬೆಲ್ಟಿಗೆ ವಾರ ಕಳೆದ ಮೇಲೆ ಇದೇ ಮೇಣವನ್ನು ತೆಳ್ಳಗೆ ಹಚ್ಚಿ ಕುದುರೆಕೂದಲಿನ ಬ್ರಶ್ ಆಡಿಸಿದರೆ ಟ್ಯೂಬ್‌ಲೈಟಿನ ಅಂಚು ಇನ್ನಷ್ಟು ಚೂಪಾಯಿತು. ಕೆಲಸದ ಮೇಜಿನ ಹತ್ತಿರ ಕಾರಿನ ಡ್ಯಾಶ್‌ಬೋರ್ಡಿಗೆ ಹೊಡೆಯುವ ಸಿಲಿಕೋನ್ ಸ್ಪ್ರೇ ಬಳಸಿದ್ದರೆ ಮಾತ್ರ ಯಾವ ಮೆರುಗೂ ಕೂರದು. ಮೀನಿನ ಕಣ್ಣಿನಂಥ ಗುಂಡು ಕುಳಿಗಳು ಬೀಳುತ್ತವೆ. ಮುಗಿದ ಸಾಮಾನನ್ನು ಪಿವಿಸಿ ಕವರಿಗೆ ಹಾಕಿಡುವುದೂ ಕೆಟ್ಟದ್ದೇ. ಆ ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ ಹೊರಬಂದು ಮೆರುಗನ್ನು ಅಂಟಾಗಿಸುತ್ತದೆ. ಹತ್ತಿಯ ಚೀಲವೇ ಸರಿ.

ಬೆಲ್ಟಿನ ತೂತುಗಳನ್ನು ಮೆರುಗು ಗಟ್ಟಿಯಾದ ಮೇಲೆ ಹೊಡೆದದ್ದು. ಮೊದಲೇ ಹೊಡೆದರೆ ಸ್ಪಾಂಜು ತೂತಿನ ಬಾಯಲ್ಲಿ ಮೆರುಗನ್ನು ಗುಡ್ಡೆ ಹಾಕುತ್ತದೆ. ಹೊಡೆದಾಗ ಒಳಗೋಡೆಯಲ್ಲಿ ಬರಿ ಚರ್ಮ ಕಾಣುತ್ತದಲ್ಲ, ಅಲ್ಲಿಂದಲೇ ಬೆವರು ಇಳಿದು ಮೆರುಗಿನ ಅಡಿಗೆ ಸೇರಿ ಪದರ ಎಬ್ಬಿಸುವುದು. ಕಿವಿಗೆ ಬಳಸುವ ಹತ್ತಿಕಡ್ಡಿಯ ತುದಿಯಲ್ಲಿ ಮೊದಲು ಬಣ್ಣ, ಒಣಗಿದ ಮೇಲೆ ಇನ್ನೊಂದು ಕಡ್ಡಿಯಲ್ಲಿ ಅದೇ ಅರ್ಧಕ್ಕರ್ಧ ಬೆರಕೆ, ಐದೂ ತೂತಿನೊಳಗೆ ಒಂದೊಂದು ಸುತ್ತು.